ಅರ್ಜಿಯಲ್ಲಿ "ನಿಮ್ಮ ಮೇಲೆ ಯಾರ ಪ್ರಭಾವ?" ಅಂತ ಕೇಳಿದ್ದಾರೆ, ಏನು ಬರೆಯಲಿ?

ಬಣ್ಣದ_ಡಬ್ಬಿ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಸಂಜೆ ಮಾಳಿಗೆ ಮೇಲೆ ಕೂತು ನನ್ನ ಚಿತ್ರ ನಾನು ಮಾಡಿಕೊಳ್ಳುತ್ತೇನೆ, ಹದಿನಾಲ್ಕು ವರ್ಷದಿಂದ ಹೀಗೇ ನಡೆದಿದೆ. ಈಗ ಮೊದಲ ಸಲ ಒಂದು ಗುಂಪು ಪ್ರದರ್ಶನಕ್ಕೆ ಅರ್ಜಿ ತುಂಬುತ್ತಿದ್ದೇನೆ. ಫೋಟೊ ಕಳಿಸಿ ಆಯಿತು, ಅಳತೆ ಬರೆದು ಆಯಿತು. ಸಿಕ್ಕಿಬಿದ್ದಿರುವುದು ಒಂದೇ ಕಡೆ. "ನಿಮ್ಮ ಕಲೆಯ ಹಿಂದಿನ ವಿಚಾರ ಏನು, ಯಾರ ಪ್ರಭಾವ ಇದೆ, 300 ಪದಗಳಲ್ಲಿ ಬರೆಯಿರಿ" ಅಂತ ಇದೆ.

ಮೊದಲು ವ್ಯಾನ್ ಗೋ, ಪಿಕಾಸೊ, ಅಜಂತಾ ಅಂತ ಬರೆದೆ. ಮನೆಯವಳಿಗೆ ಓದಿ ಹೇಳಿದೆ. "ಇವರನ್ನೆಲ್ಲ ಯಾವಾಗ ನೋಡಿದ್ರಿ?" ಅಂದಳು. ಉತ್ತರ ಬರಲಿಲ್ಲ. ವ್ಯಾನ್ ಗೋ ಚಿತ್ರವನ್ನು ಮೊಬೈಲಿನಲ್ಲಿ ಬಿಟ್ಟು ಎಲ್ಲೂ ನೋಡಿಲ್ಲ. ಅಜಂತಾಕ್ಕೆ ಕಾಲೇಜು ಟೂರಿನಲ್ಲಿ ಹೋಗಿದ್ದೆ, ಒಳಗೆ ಕತ್ತಲು, ಹೊರಗೆ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ, ಒಟ್ಟು ನೋಡಿದ್ದು ಮುಕ್ಕಾಲು ತಾಸು ಇರಬಹುದು.

ನಾನು ಬಿಡಿಸುವುದು ಹಿನ್ನೀರು. ಆಲಮಟ್ಟಿಯ ನೀರು ಬೇಸಿಗೆಯಲ್ಲಿ ಹಿಂದೆ ಸರಿದಾಗ ಬಿರುಕು ಬಿಟ್ಟು ಮೇಲೆ ಬರುವ ಎರೆಮಣ್ಣು, ಅದರ ಮೇಲೆ ದನದ ಹೆಜ್ಜೆ, ಅಷ್ಟೇ. ಅಕ್ರಿಲಿಕ್ ಬಳಸುತ್ತೇನೆ. ಒಂದು ಚಟ ಇದೆ, ಯಾವ ಚಿತ್ರ ಮಾಡಿದರೂ ಒಂದು ಅಂಚಿಗೆ ಕೆಂಪು ಪಟ್ಟಿ ಬರಲೇಬೇಕು, ಇಲ್ಲದಿದ್ದರೆ ಚಿತ್ರ ಮುಗಿಯಿತು ಅನ್ನಿಸುವುದಿಲ್ಲ. ನೋಡಿದವರೆಲ್ಲ ಇದೇನು ಅಂತ ಕೇಳುತ್ತಾರೆ, ನಾನು ನಕ್ಕು ಸುಮ್ನಾಗುತ್ತೇನೆ. ಬಹುಶಃ ಅವ್ವನ ಇಳಕಲ್ ಸೀರೆ ಸೆರಗು ಇರಬೇಕು. ಇಂಥದ್ದನ್ನು ಬರೆಯಬಹುದಾ? ದೊಡ್ಡ ಹೆಸರು ಇಲ್ಲದಿದ್ದರೆ ಅರ್ಜಿ ಪಕ್ಕಕ್ಕೆ ಇಡುತ್ತಾರಾ? ಗೊತ್ತಿದ್ದವರು ಹೇಳಿ.

ಜಲವರ್ಣ_ಬೆಳಗಾವಿ

ತಮ್ಮಾ, ನಿಮ್ಮ ಮನೆಯವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಕಲಾ ಶಿಕ್ಷಕನಾಗಿ ನಿವೃತ್ತಿ ಆದವನು, ಇಂಥ ಬರಹ ನೂರಾರು ಓದಿದ್ದೇನೆ. ಹತ್ತರಲ್ಲಿ ಎಂಟು ಜನ ವ್ಯಾನ್ ಗೋ ಅಂತಲೇ ಬರೆಯುತ್ತಾರೆ.

ಪ್ರಭಾವ ಅಂದರೆ ನಿಮಗೆ ಇಷ್ಟವಾದವರ ಪಟ್ಟಿ ಅಲ್ಲ. ಕುಂಚ ಹೀಗೆ ಹಿಡಿ ಅಂತ ತೋರಿಸಿದವರು ಯಾರು, ನೆರಳು ಎಲ್ಲಿ ಹಾಕಬೇಕು ಅಂತ ಕೈ ಹಿಡಿದು ತಿದ್ದಿದವರು ಯಾರು, ಅಲ್ಲಿಂದ ಹುಡುಕಿ. ನಮ್ಮ ಭಾಗದಲ್ಲಿ ಈ ದಾರಿ ಸ್ಪಷ್ಟವಾಗಿಯೇ ಇದೆ. ಮುಂಬೈ ಪ್ರಾಂತ್ಯದ ಕಾಲದಲ್ಲಿ ಚಿತ್ರ ಕಲಿಯುವುದೆಂದರೆ ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಕಡೆ ನೋಡುವುದು ಅಂತಲೇ ಇತ್ತು. ಎದುರಿಗೆ ಕೂಡಿಸಿಕೊಂಡು ಭಾವಚಿತ್ರ ಬರೆಯುವುದು, ನಿಸರ್ಗ ಚಿತ್ರಕ್ಕೆ ಬೋರ್ಡು ಹೊತ್ತುಕೊಂಡು ಹೊಲಕ್ಕೆ ಹೋಗುವುದು, ಇದೆಲ್ಲ ಅಲ್ಲಿಂದ ಬಂದ ಪಾಠ. ಧಾರವಾಡದ ಡಿ.ವಿ. ಹಾಲಭಾವಿ, ಹುಬ್ಬಳ್ಳಿಯ ಎಂ.ವಿ. ಮಿಣಜಗಿ, ಗದಗಿನ ಟಿ.ಪಿ. ಅಕ್ಕಿ, ಇವರ ಕಲಾಶಾಲೆಗಳಲ್ಲಿ ಕಲಿತವರೇ ನಮ್ಮ ಅರ್ಧ ಜಿಲ್ಲೆಗಳಿಗೆ ಡ್ರಾಯಿಂಗ್ ಮಾಸ್ತರರಾದರು. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರು ಇದ್ದರು. ಅವರ ಶಿಷ್ಯ ರವಿ ಪರಾಂಜಪೆ ಇಲ್ಲೇ ಹುಟ್ಟಿ ಮಹಾರಾಷ್ಟ್ರದಲ್ಲಿ ದೊಡ್ಡ ಹೆಸರು ಮಾಡಿದರು. ನಿಮಗೆ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕಲಿಸಿದ ಮಾಸ್ತರರು ಈ ಸಾಲಿನಲ್ಲಿ ಎಲ್ಲಿಯೋ ಒಂದು ಕಡೆ ಇರುತ್ತಾರೆ, ನೋಡಿ.

ಇನ್ನೊಂದು ಮಾತು. ಚಿತ್ರಕಾರನ ಮೇಲೆ ಚಿತ್ರಕಾರನದೇ ಪ್ರಭಾವ ಆಗಬೇಕು ಅಂತ ಏನಿಲ್ಲ. ಕೆ.ಕೆ. ಹೆಬ್ಬಾರರು ಜೆ.ಜೆ.ಯಲ್ಲಿ ಕಲಿತು, ಪ್ಯಾರಿಸ್ ನೋಡಿ ಬಂದವರು. ಗೊಗಾನ್, ಅಮೃತಾ ಶೇರ್‌ಗಿಲ್ ಚಿತ್ರಗಳಿಂದ ತೆಗೆದುಕೊಂಡದ್ದು ಬಹಳ. ಅದರ ಜೊತೆಗೆ ರೇಖೆಗೆ ಲಯ ಬರಬೇಕು ಅಂತ ಕಥಕ್ ನೃತ್ಯ ಕಲಿತರು! ಗೆಜ್ಜೆ ಕಟ್ಟಿ ಕಲಿತದ್ದು ಕೈಗೆ ಬಂತು. ಅವರ ರೇಖಾಚಿತ್ರ ನೋಡಿ, ಪೆನ್ನು ಎತ್ತಿದ್ದೇ ಗೊತ್ತಾಗುವುದಿಲ್ಲ.

ಗುಮ್ಮಟದ_ಪಿಸುಮಾತು (ವಿಜಯಪುರ)

ಇಲ್ಲಿ ಬೇರೆ ಒಂದು ಮಾತು ಹೇಳಲೇಬೇಕು ನಾನು, ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ಸರ್ ಎಲ್ಲವನ್ನೂ ಜೆ.ಜೆ. ಸ್ಕೂಲಿನಿಂದ ಶುರು ಮಾಡಿದರು. ಅದಕ್ಕಿಂತ ಸುಮಾರು ಇನ್ನೂರೈವತ್ತು ವರ್ಷ ಮೊದಲೇ ನಮ್ಮೂರಿನಲ್ಲಿ ಜಗತ್ತು ಬಂದು ನೋಡುವಂಥ ಚಿತ್ರ ಮಾಡುತ್ತಿದ್ದರು. ಎರಡನೇ ಇಬ್ರಾಹಿಂ ಆದಿಲ್ ಶಾಹ, 1580 ರಿಂದ 1627 ರವರೆಗೆ ಆಳಿದವನು, ಸ್ವತಃ ಹಾಡು ಬರೆಯುತ್ತಿದ್ದ, ಅದರಲ್ಲಿ ಸರಸ್ವತಿ, ಗಣಪತಿ ಸ್ತುತಿ ಇದೆ. ಫರ್ರುಖ್ ಬೇಗ್ ಎಂಬ ಚಿತ್ರಕಾರ ಇರಾನಿನ ಕಡೆಯಿಂದ ಹೊರಟು, ಮೊಘಲರ ಹತ್ತಿರ ಕೆಲಸ ಮಾಡಿ, ಇವನ ಆಸ್ಥಾನಕ್ಕೆ ಬಂದ. ಇರಾನಿನ ಕೈ, ಮೊಘಲರ ಕಣ್ಣು, ಬಿಜಾಪುರದ ಬಿಸಿಲು! ಪ್ರಭಾವ ಅಂದರೆ ಇದು ಅಲ್ವಾ.

ಮೈನಾ ಹಕ್ಕಿ ಹಿಡಿದ ಯೋಗಿನಿಯ ಚಿತ್ರ ಒಂದಿದೆ, ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಮೈತುಂಬ ಬಂಗಾರ, ಕಾಲಡಿಯಲ್ಲಿ ಮನುಷ್ಯನಿಗಿಂತ ಏನೂ ಕಡಿಮೆ ಇಲ್ಲದಂತೆ ಬೆಳೆದ ಹೂಗಿಡ, ದೂರದಲ್ಲಿ ಅರಮನೆ ಆಟಿಕೆಯಷ್ಟು ಸಣ್ಣದು. ಅಳತೆ ಲೆಕ್ಕಕ್ಕೇ ಇಲ್ಲ. ಹೂವು ಮುಖ್ಯ ಅನ್ನಿಸಿತು, ಹೂವು ದೊಡ್ಡದಾಯಿತು. ಬೆಟ್ಟ ನೇರಳೆ ಬಣ್ಣದ್ದು ಬೇಕು ಅನ್ನಿಸಿದರೆ ನೇರಳೆ. ನಮ್ಮ ಡ್ರಾಯಿಂಗ್ ಪರೀಕ್ಷೆಯಲ್ಲಿ ಹೀಗೆ ಬಿಡಿಸಿದರೆ ಫೇಲ್!

ಮೂಲ ಚಿತ್ರ ನೋಡಲು ನಾವು ಡಬ್ಲಿನ್‌ಗೆ ಹೋಗಬೇಕು, ಅದೇ ಬೇಸರ. ಆದರೆ ಅಸರ್ ಮಹಲಿನ ಮೇಲಿನ ಕೋಣೆಯ ಗೋಡೆಚಿತ್ರ ಇಲ್ಲೇ ಇದೆ, ಕುಮಟಗಿಯ ನೀರಿನ ಮಂಟಪದ ಗೋಡೆಯ ಮೇಲೂ ಇದೆ. ಕುಮಟಗಿಗೆ ನಾನು ಮೂರು ಸಲ ಹೋಗಿದ್ದೇನೆ. ಬಣ್ಣ ಹಾರಿಹೋಗಿದೆ, ಯಾರೋ ಮೊಳೆಯಿಂದ ತಮ್ಮ ಪ್ರೀತಿಯ ಹೆಸರು ಬೇರೆ ಕೆತ್ತಿದ್ದಾರೆ, ಆದರೂ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಗೆರೆ ಎದ್ದು ಬರುತ್ತದೆ. ನೀವು ಬಾಗಲಕೋಟೆಯವರು, ಬಾದಾಮಿ ನಿಮ್ಮ ಹಿತ್ತಲು ಇದ್ದಂತೆ. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ 578 ರ ಶಾಸನ ಇದೆ, ಅದೇ ಗುಹೆಯ ಸೂರಿನ ಒಳಬಾಗಿದ ಭಾಗದಲ್ಲಿ ಚಿತ್ರದ ಚೂರು ಉಳಿದಿವೆ. ಕೆಂಪು, ಹಳದಿ, ಹಸಿರು. ನಿಮ್ಮ ಕೆಂಪು ಅಲ್ಲಿಂದಲೇ ಬಂತು ಅಂತ ಬರೆಯಿರಿ ಸರ್. ಹದಿನಾಲ್ಕು ನೂರು ವರ್ಷದ ಕೆಂಪು. ಯಾರು ಬೇಡ ಅಂತಾರೆ?

ಖಾರಬ್ಯಾಳಿ

ನಾನು ಬೇಡ ಅಂತೀನಿ.

ಒಂದು ಸಲ ಇಂಥ ಆಯ್ಕೆ ಸಮಿತಿಯಲ್ಲಿ ಕೂತಿದ್ದೆ, ಎಲ್ಲಿ ಅಂತ ಕೇಳಬೇಡಿ. ಒಂದೇ ದಿನ ಅರವತ್ತು ಅರ್ಜಿ ಓದಿದ್ದು. ಮಧ್ಯಾಹ್ನದ ಊಟದ ಹೊತ್ತಿಗೆ ಚಾಲುಕ್ಯರು, ವಿಜಯನಗರ, ಹೊಯ್ಸಳರು ಎಲ್ಲರೂ ಬಂದು ಹೋಗಿದ್ದರು. ಅಜ್ಜಿಯ ಸೀರೆ ಒಂಬತ್ತು ಬಂದವು. ಅಜ್ಜಿಯ ರಂಗೋಲಿ ಎಷ್ಟು ಅಂತ ಲೆಕ್ಕ ಇಟ್ಟಿಲ್ಲ. ಅದೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ, ಆದರೆ ಚಿತ್ರ ನೋಡಿದರೆ ಸೀರೆಗೂ ಅದಕ್ಕೂ ಸಂಬಂಧ ಕಾಣುತ್ತಿರಲಿಲ್ಲ. ಬರಹ ಒಂದು ದಾರಿ, ಚಿತ್ರ ಒಂದು ದಾರಿ.

ಬಣ್ಣದ ಡಬ್ಬಿಯವರೇ, ನಿಮ್ಮ ಪೋಸ್ಟಿನಲ್ಲಿ "ಬಹುಶಃ ಅವ್ವನ ಸೀರೆ ಇರಬೇಕು" ಅಂತ ಇದೆ. ಬಹುಶಃ ಯಾಕೆ? ಚಿತ್ರ ನಿಮ್ಮ ಮನೆಯಲ್ಲೇ ಇವೆಯಲ್ಲ, ಗೋಡೆಗೆ ಸಾಲಾಗಿ ನಿಲ್ಲಿಸಿ ನೋಡಿ. ಕೆಂಪು ಎಲ್ಲಿದೆ, ಎಷ್ಟು ಅಗಲ, ಮೊದಲು ಹಚ್ಚಿದ್ದಾ ಕೊನೆಗಾ. ಕೆಟ್ಟು ಹೋದ ಚಿತ್ರ ಯಾವುದು, ಅದನ್ನು ಹೇಗೆ ಸರಿ ಮಾಡಿದಿರಿ. ವಿಚಾರ ಗಿಚಾರ ಆಮೇಲೆ.

ಕೊಂಡಿ_ಮಗ್ಗ (ಇಳಕಲ್)

ಖಾರಬ್ಯಾಳಿ ಅಣ್ಣಾರ ಮಾತು ಖಾರ ಇದ್ದರೂ ಖರೆ ಇದೆ. ಸೀರೆ ಮಾತು ಬಂತು ಅಂತ ಬರೆಯುತ್ತಿದ್ದೇನೆ, ನಮ್ಮದು ನೇಕಾರರ ಮನೆ, ಮುತ್ಯಾನ ಕಾಲದಿಂದ ಕುಣಿ ಮಗ್ಗ.

ಇಳಕಲ್ ಸೀರೆ ಅಂದ ಕೂಡಲೆ ಎಲ್ಲರೂ ಬಣ್ಣ ಹೇಳುತ್ತಾರೆ. ಬಣ್ಣ ಹೌದು, ಸೆರಗು ಕೆಂಪು, ಅದರಲ್ಲಿ ಬಿಳಿ ತೆನೆ. ಆದರೆ ನಮ್ಮ ಸೀರೆಯ ಗುಟ್ಟು ಬಣ್ಣದಲ್ಲಿ ಇಲ್ಲ, ಜೋಡಣೆಯಲ್ಲಿ ಇದೆ. ಒಡಲಿನ ಹಾಸು (ಉದ್ದಕ್ಕೆ ಹೋಗುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆ ಕೊಂಡಿ ಹಾಕಿ ಕೂಡಿಸುತ್ತೇವೆ. ಸಾವಿರಾರು ಎಳೆ, ಒಂದು ತಪ್ಪಿದರೂ ಆ ಗೆರೆಯಲ್ಲಿ ಗೊತ್ತಾಗುತ್ತದೆ. ನಮ್ಮ ಅವ್ವ ಕೂತು ಕೊಂಡಿ ಹಾಕುವಾಗ ಯಾರೂ ಮಾತಾಡಿಸುವಂತಿಲ್ಲ, ಹಾಲಿನವನು ಬಂದರೂ ಬಾಗಿಲಲ್ಲೇ ನಿಲ್ಲಬೇಕು. ಹೀಗೆ ಮಾಡಿದ್ದರಿಂದ ಕೆಂಪು ಒಂದು ಕಡೆ ನಿಲ್ಲುತ್ತದೆ, ಕಪ್ಪು ಇನ್ನೊಂದು ಕಡೆ ನಿಲ್ಲುತ್ತದೆ, ಒಂದರ ಮೈಮೇಲೆ ಒಂದು ಬೀಳುವುದಿಲ್ಲ.

ಅದಕ್ಕೇ ನಾನು ಕೇಳುವುದು ಇಷ್ಟೇ ಮಾಸ್ತರ್ರೀ. ನಿಮ್ಮ ಕೆಂಪು ಎರೆಮಣ್ಣಿನ ಕಪ್ಪನ್ನು ಮುಟ್ಟುವ ಜಾಗದಲ್ಲಿ ಏನಾಗುತ್ತದೆ? ಎರಡೂ ಕಲೆಸಿ ಒಂದರೊಳಗೆ ಒಂದು ಇಳಿಯುತ್ತವಾ, ಇಲ್ಲಾ ನಮ್ಮ ಸೀರೆಯ ಹಾಗೆ ಕೊಯ್ದಂತೆ ನಿಲ್ಲುತ್ತವಾ? ಕಲೆಸಿದ್ದರೆ ಅದು ನಮ್ಮ ಸೆರಗು ಅಲ್ಲ, ಬೇರೆ ಏನೋ.

ಮೊದಲ_ಗೆರೆ

ನಡುವೆ ಬಾಯಿ ಹಾಕುತ್ತಿದ್ದೇನೆ ಕ್ಷಮಿಸಿ, ನಾನು ಬಿ.ವಿ.ಎ. (ಚಿತ್ರಕಲೆ ಪದವಿ) ಎರಡನೇ ವರ್ಷ. ನಾನು ಕಲಿತದ್ದೆಲ್ಲ ಕಾಪಿ ಮಾಡಿಯೇ. ಕ್ಯಾಲೆಂಡರ್ ದೇವರು, ಆಮೇಲೆ ಪಿಂಟರೆಸ್ಟ್. ಇದನ್ನು ಹೇಳಿದರೆ ಮರ್ಯಾದೆ ಹೋಗುತ್ತದಾ?

ಜಲವರ್ಣ_ಬೆಳಗಾವಿ

ಇಲ್ಲ ಮಗಾ. ಮೊದಲ ಪೋಸ್ಟಿನಲ್ಲಿ ಬಂದ ಅದೇ ವ್ಯಾನ್ ಗೋ 1887 ರಲ್ಲಿ ಜಪಾನಿನ ಹಿರೋಶಿಗೆಯ ಎರಡು ಮುದ್ರಿತ ಚಿತ್ರಗಳನ್ನು ಎಣ್ಣೆ ಬಣ್ಣದಲ್ಲಿ ನಕಲು ಮಾಡಿದ, ಒಂದು ಹೂ ಬಿಟ್ಟ ಮರ, ಇನ್ನೊಂದು ಮಳೆಯಲ್ಲಿ ಸೇತುವೆ. ಸುತ್ತಲೂ ಅಂಚಿಗೆ ಜಪಾನಿ ಅಕ್ಷರ ಬೇರೆ ತುಂಬಿಸಿದ. ಕದ್ದು ಮುಚ್ಚಿ ಅಲ್ಲ, ರಾಜಾರೋಷವಾಗಿ. ಕ್ಯಾಲೆಂಡರ್ ಅಂದೆಯಲ್ಲ, ಕಲಬುರಗಿಯ ಎಸ್.ಎಂ. ಪಂಡಿತರ ಕ್ಯಾಲೆಂಡರ್ ಚಿತ್ರ ನೋಡಿ ಬಿಡಿಸಲು ಕಲಿತವರು ನಮ್ಮ ಭಾಗದಲ್ಲಿ ಎಷ್ಟು ಜನ! ನಾನೂ ಒಬ್ಬ. ನಕಲು ಮಾಡು, ಆದರೆ ಕೆಳಗೆ ಯಾರದನ್ನು ನೋಡಿ ಮಾಡಿದ್ದು ಅಂತ ಬರೆ. ಮೊಬೈಲ್ ಪರದೆ ನೋಡಿ ಮಾಡುವುದು ಕಡಿಮೆ ಮಾಡು, ಅದರಲ್ಲಿ ಬಣ್ಣಕ್ಕೆ ಮೈಯೇ ಇರುವುದಿಲ್ಲ.

ಬಣ್ಣದ_ಡಬ್ಬಿ

ಎಲ್ಲರಿಗೂ ದೊಡ್ಡ ನಮಸ್ಕಾರ. ಎರಡು ದಿನ ಬರೆಯಲು ಆಗಲಿಲ್ಲ, ಖಾರಬ್ಯಾಳಿಯವರು ಹೇಳಿದಂತೆ ಹನ್ನೊಂದು ಚಿತ್ರ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಇಟ್ಟೆ. ಊಟಕ್ಕೆ ಕೂಡಲೂ ಜಾಗ ಇರಲಿಲ್ಲ, ಮಕ್ಕಳಿಗೆ ಖುಷಿ.

ಕೊಂಡಿ ಮಗ್ಗದವರೇ, ನಿಮ್ಮ ಪ್ರಶ್ನೆ ಓದಿ ಹತ್ತಿರ ಹೋಗಿ ನೋಡಿದೆ. ಒಂದು ಚಿತ್ರದಲ್ಲೂ ಕೆಂಪು ಕಪ್ಪು ಕಲೆತಿಲ್ಲ. ಕೊಯ್ದಂತೆ ನಿಂತಿವೆ. ಕೆಂಪು ಮಾತ್ರ ಅಲ್ಲ, ನನ್ನ ಯಾವ ಬಣ್ಣವೂ ಇನ್ನೊಂದರೊಳಗೆ ಇಳಿದಿಲ್ಲ, ನೀರಿನ ನೀಲಿ ಕೂಡ ಪಟ್ಟಿ ಪಟ್ಟಿ. ಹದಿನಾಲ್ಕು ವರ್ಷದಲ್ಲಿ ನನಗೇ ಇದು ಕಂಡಿರಲಿಲ್ಲ! ಸೀರೆ ಅಂತ ಖುಷಿಯಾಯಿತು. ಆಮೇಲೆ ಇನ್ನೊಂದು ಕಂಡಿತು. ಹನ್ನೊಂದರಲ್ಲಿ ಒಂಬತ್ತಕ್ಕೆ ಕೆಂಪು ಇರುವುದು ಬಲಗಡೆ, ಅದೂ ಕೆಳಗೆ ಬರುತ್ತಾ ಸ್ವಲ್ಪ ಅಗಲ ಆಗುತ್ತದೆ. ಸೆರಗು ಹೀಗೆ ಅಗಲ ಆಗುವುದಿಲ್ಲ.

ಆಗ ತಲೆಗೆ ಹೊಳೆದದ್ದು ಅಪ್ಪ. ಮೊದಲ ಪೋಸ್ಟಿನಲ್ಲಿ ಅಪ್ಪನ ಸುದ್ದಿ ಬರೆದೇ ಇರಲಿಲ್ಲ, ಯಾಕೋ ಗೊತ್ತಿಲ್ಲ, ಅದು ಕಲೆ ಅಂತ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ ಅನ್ನಿಸುತ್ತದೆ. ಅಪ್ಪ ಬೋರ್ಡ್ ಪೇಂಟರ್. ಫ್ಲೆಕ್ಸ್ ಬರುವ ತನಕ ಹಳೇ ಊರಿನ ಅಂಗಡಿ ಬೋರ್ಡು, ಲಾರಿ, ಟ್ರ್ಯಾಕ್ಟರ್ ಟ್ರೇಲರ್, ಎಲ್ಲ ಅವರದೇ ಕೈ. ದಾರಕ್ಕೆ ಚಾಕ್‌ಪೀಸ್ ಪುಡಿ ಹಚ್ಚಿ, ಆ ತುದಿ ನಾನು ಹಿಡಿದರೆ ಈ ತುದಿ ಅವರು ಹಿಡಿದು ನಡುವೆ ಜಗ್ಗಿ ಬಿಡುತ್ತಿದ್ದರು. ಟಪ್ ಅಂತ ತಗಡಿನ ಮೇಲೆ ಬಿಳಿ ಗೆರೆ. ಆಮೇಲೆ ಕೋಲಿನ ತುದಿಗೆ ಬಟ್ಟೆ ಸುತ್ತಿ ಅದರ ಮೇಲೆ ಬಲಗೈ ಆನಿಸಿ ಅಕ್ಷರ ಬರೆಯುವುದು. "ಕಿರಾಣಿ ಅಂಗಡಿ" ಅಂತ ಬರೆಯಬೇಕಾದರೆ ಮೊದಲು ಎಲ್ಲ ಅಕ್ಷರದ ಹೊಟ್ಟೆ ಬರೆದು ಮುಗಿಸುತ್ತಿದ್ದರು. ತಲೆಕಟ್ಟು ಕೊನೆಗೆ, ಎಡದಿಂದ ಬಲಕ್ಕೆ ಒಂದೇ ಉಸಿರಿಗೆ, ಸಾಲು ತಪ್ಪಬಾರದು ಅಂತ. ಅಲ್ಲಿಯ ತನಕ ಬೋರ್ಡ್ ತುಂಬ ತಲೆ ಇಲ್ಲದ ಅಕ್ಷರಗಳು ನಿಂತಿರುತ್ತಿದ್ದವು, ಅಂಗಡಿಯವನು ಬಂದು ಬಂದು ನೋಡಿ ಗಾಬರಿ ಆಗುತ್ತಿದ್ದ.

ಎನಾಮಲ್ ಬಣ್ಣ ಹಸಿ ಇದ್ದಾಗ ಪಕ್ಕದಲ್ಲಿ ಇನ್ನೊಂದು ಹಚ್ಚಿದರೆ ಹರಿದು ರಾಡಿ ಆಗುತ್ತದೆ. ನಾನು ಚಿಕ್ಕವನಿದ್ದಾಗ ಅವಸರ ಮಾಡಿದರೆ "ಒಣಗಲಿ ತಡೀ, ಬಣ್ಣಕ್ಕೂ ಮನಿ ಐತಿ" ಅನ್ನುತ್ತಿದ್ದರು. ಹಳದಿ ಬೋರ್ಡು, ನೀಲಿ ಅಕ್ಷರ, ಎಲ್ಲ ಮುಗಿದ ಮೇಲೆ ಕೊನೆಯ ಕೆಲಸ ಶೇಡ್, ಅಂದರೆ ಅಕ್ಷರದ ನೆರಳು. ಕೆಂಪು. ಯಾವಾಗಲೂ ಅಕ್ಷರದ ಬಲಕ್ಕೆ, ಕೆಳಗೆ. ಶೇಡ್ ಬಿದ್ದರೇನೇ ಬೋರ್ಡ್ ಮುಗಿದಂತೆ, ರೊಕ್ಕ ಕೇಳಲು ಹೋಗಬಹುದು.

ನಾನೂ ಕೆಂಪು ಹಚ್ಚುವುದು ಕೊನೆಗೇ.

ಈಗ ನಿಜವಾಗಿಯೂ ಗೊಂದಲ. ಇದು ಅವ್ವನ ಸೆರಗಾ, ಅಪ್ಪನ ಶೇಡಾ?

ಕೊಂಡಿ_ಮಗ್ಗ

ಕೆಳಗೆ ಅಗಲ ಆಗುತ್ತದೆ ಅಂದರೆ ನಮ್ಮದು ಅಲ್ಲ ಬಿಡ್ರಿ. ಬೇಜಾರಿಲ್ಲ. ಉಳಿದ ಎರಡು ಬಲಗಡೆ ಇಲ್ಲವಲ್ಲ, ಅವು ನಮಗಿರಲಿ.

ಖಾರಬ್ಯಾಳಿ

ಇದನ್ನು ಬರೆಯಿರಿ. ತಲೆ ಇಲ್ಲದ ಅಕ್ಷರ ಬಿಡಬೇಡಿ, ಬೋರ್ಡ್, ಶೇಡ್, ಒಣಗಲಿ ತಡೀ, ಎಲ್ಲ ಇರಲಿ. ಇದನ್ನು ಓದಿ ನಿಮ್ಮ ಚಿತ್ರ ನೋಡಿದರೆ ಕಣ್ಣು ತಾನೇ ಬಲಕ್ಕೆ ಕೆಳಗೆ ಹೋಗುತ್ತದೆ. ಆ ಅರವತ್ತರಲ್ಲಿ ಇಂಥದ್ದು ಒಂದು ಬಂದಿದ್ದರೆ ನನಗೆ ಅವತ್ತು ತಲೆನೋವು ಬರುತ್ತಿರಲಿಲ್ಲ.

ಹಾಂ, ಒಂದು ತಕರಾರು. ಸೆರಗಾ ಶೇಡಾ ಅಂತ ನಿರ್ಧಾರ ಮಾಡಿ ಬರೆಯುವ ಜರೂರು ಏನಿದೆ? ಗೊತ್ತಿಲ್ಲ ಅಂತ ಬರೆದರೆ ಯಾರೂ ಮಾರ್ಕ್ಸ್ ಕಡಿಮೆ ಮಾಡುವುದಿಲ್ಲ. ಎಲ್ಲ ಗೊತ್ತಿದೆ ಅಂತ ಬರೆಯುವವರನ್ನು ಕಂಡರೇ ನನಗೆ ಸಂಶಯ.

ಗುಮ್ಮಟದ_ಪಿಸುಮಾತು

ಸರಿ ಸರಿ, ಚಾಲುಕ್ಯರನ್ನು ವಾಪಸ್ ತಗೊಂಡೆ. 😄 ಆದರೂ ಬಾದಾಮಿಯ ಒಂದು ಹೆಸರು ಹೇಳದೆ ಹೋಗುವುದಿಲ್ಲ. ಆರ್.ಎಂ. ಹಡಪದ್ ಬಾದಾಮಿಯವರು, ಮಿಣಜಗಿಯವರ ಹತ್ತಿರ ಕಲಿತು ಬೆಂಗಳೂರಿಗೆ ಹೋಗಿ ಕೆನ್ ಕಲಾಶಾಲೆ ಕಟ್ಟಿದವರು. ಬೆಳಗಾವಿ ಸರ್ ಹೇಳಿದ ಸಾಲು ಅಲ್ಲಿಗೂ ಹೋಗಿ ಮುಟ್ಟಿತು. ಪ್ರದರ್ಶನ ಆದರೆ ಹೇಳಿ ಸರ್, ಬರುವಾಗ ನಮ್ಮೂರಲ್ಲಿ ಇಳಿಯಿರಿ, ಕುಮಟಗಿಗೆ ಕರೆದುಕೊಂಡು ಹೋಗುತ್ತೇನೆ, ಸಂಜೆ ಐದರ ನಂತರ.

ಬಣ್ಣದ_ಡಬ್ಬಿ

ಖಂಡಿತ ಬರುತ್ತೇನೆ ಸರ್.

ಬರೆದು ಮುಗಿಸಿದೆ, 300 ಕೇಳಿದ್ದರು, 212 ಪದ ಆಯಿತು, ಎಳೆದು ಉದ್ದ ಮಾಡಲಿಲ್ಲ. ಶುರು ಹೀಗಿದೆ: "ನಾನು ಎರಡು ಬಣ್ಣಗಳನ್ನು ಕಲೆಸುವುದಿಲ್ಲ. ಒಂದು ಒಣಗುವ ತನಕ ಕಾಯುತ್ತೇನೆ. ಇದನ್ನು ನನ್ನ ತಂದೆಯ ಬೋರ್ಡುಗಳಿಂದ ಕಲಿತೆ. ಕೆಂಪು ಎಲ್ಲಿಂದ ಬಂತು ಅಂತ ನನಗೆ ಖಚಿತವಿಲ್ಲ, ಮನೆಯಲ್ಲಿ ಅದು ಎರಡು ಕಡೆ ಇತ್ತು."

ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಕಣ್ಣು ಈಗ ಮಂದ ಆಗಿದೆ ಅವರಿಗೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶೇಡ್ ಬಲಕ್ಕ ಯಾಕ ಹಾಕ್ತಿದ್ದೆ ಗೊತ್ತೇನು? ನನಗ ಕಲಿಸಿದಾಂವ ಎಡಚ ಇದ್ದ, ಅಂವ ಎಡಕ್ಕ ಹಾಕ್ತಿದ್ದ. ನಂದು ಅಂತ ಗೊತ್ತಾಗ್ಲಿ ಅಂತ ಬಲಕ್ಕ ಹಾಕಿದೆ" ಅಂದರು. ಇದನ್ನು ಅರ್ಜಿಯಲ್ಲಿ ಎಲ್ಲಿ ಸೇರಿಸಲಿ ಅಂತ ಇನ್ನೂ ನೋಡುತ್ತಿದ್ದೇನೆ.

ಕೊನೆಯ ಒಂದು ಸಣ್ಣ ಪ್ರಶ್ನೆ. ಅರ್ಜಿಯಲ್ಲಿ "ತಂದೆಯ ಹೆಸರು" ಅಂತ ಒಂದು ಕಾಲಂ, "ಗುರುಗಳ ಹೆಸರು" ಅಂತ ಇನ್ನೊಂದು ಕಾಲಂ ಇದೆ. ಎರಡರಲ್ಲೂ ಒಂದೇ ಹೆಸರು ಬರೆದರೆ ತಪ್ಪಿ ತುಂಬಿದ್ದಾನೆ ಅಂತ ವಾಪಸ್ ಕಳಿಸುತ್ತಾರಾ?

ಜಲವರ್ಣ_ಬೆಳಗಾವಿ

ಎರಡೂ ಕಡೆ ಬರೆಯಿರಿ. ಇನಿಷಿಯಲ್ ಮಾತ್ರ ಎರಡೂ ಕಡೆ ಒಂದೇ ರೀತಿ ಇರಲಿ, ಕಚೇರಿಯವರು ಅದನ್ನೇ ಹಿಡಿಯುತ್ತಾರೆ.